ಒಂದು ತುತ್ತು ಬಾಕಿ

ನಮ್ಮ ಸೀಮೆಯಲ್ಲಿ ಮೇಯರ್ ಚುನಾವಣೆ ಗೆಲ್ಲುವುದು ಅಂಥ ಕಷ್ಟದ ಕೆಲಸವೇನಲ್ಲ. ಗೆದ್ದ ಮೇಲೆ ಮೇಯರ್ ಆಗುವುದಿದೆಯಲ್ಲ, ಅದು ಕಷ್ಟ. ಊರು, ಸುತ್ತಲಿನ ಹಟ್ಟಿಗಳು ಎಲ್ಲ ಸೇರಿ ಒಂದು ಸೀಮೆ. ಚುನಾವಣೆಯ ದಿನ ಪ್ರತಿಯೊಬ್ಬರೂ ಒಂದೊಂದು ಹುಣಸೆ ಬೀಜ ತಂದು ತಮಗೆ ಬೇಕಾದವರ ಗಡಿಗೆಗೆ ಹಾಕುತ್ತಾರೆ. ಸಂಜೆ ಬಯಲಿನಲ್ಲಿ ಜಮಖಾನ ಹಾಸಿ ಎಣಿಸುತ್ತಾರೆ. ಒಡೆದ ಬೀಜ ಒಂದೋ ಅರ್ಧವೋ ಎಂದು ಪ್ರತಿ ಸಲವೂ ಜಗಳ. ಕೊನೆಗೆ ಯಾರೋ ಒಬ್ಬರು ಗೆಲ್ಲುತ್ತಾರೆ, ಹಳೆಯ ಮೇಯರ್ ಕಚೇರಿಯಿಂದ ಹೊರಗೆ ಬರುತ್ತಾರೆ, ಅವರ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಶುರುವಾಗುತ್ತದೆ ನಮ್ಮೆಲ್ಲರ ಗ್ರಹಚಾರ.

ಗೆದ್ದವರು ಸೀಮೆಯಲ್ಲಿ ಜನ ವಾಸವಿರುವ ಪ್ರತಿ ಮನೆಗೂ ಹೋಗಿ, ಆ ಮನೆಯ ಒಲೆಯ ಮೇಲೆ ಬೆಂದದ್ದನ್ನು ಒಂದು ತುತ್ತಾದರೂ ಉಣ್ಣಬೇಕು. ಹೋಟೆಲಿನಲ್ಲೇ ಉಂಡು ಕಾಲ ಹಾಕುವ ಬ್ರಹ್ಮಚಾರಿಗಳು ಕೂಡ ಅವತ್ತೊಂದು ದಿನ ಸ್ಟವ್ ಎರವಲು ತಂದು ಅವಲಕ್ಕಿಗಾದರೂ ಒಗ್ಗರಣೆ ಹಾಕುತ್ತಾರೆ. ಎಲ್ಲ ಮನೆ ಮುಗಿಸಿ ಬಂದು ಕಚೇರಿಯ ಬಾಗಿಲ ಮೇಲೆ ಕೈಯಿಟ್ಟರೆ ಅದು ತೆರೆದುಕೊಳ್ಳುತ್ತದೆ. ಒಂದು ಮನೆ ಬಿಟ್ಟುಹೋಗಿದ್ದರೂ ತೆರೆಯುವುದಿಲ್ಲ. ಬೀಗವಿಲ್ಲ, ಅಗುಳಿಯಿಲ್ಲ, ಸುಮ್ಮನೆ ತೆರೆಯುವುದಿಲ್ಲ. ನಮ್ಮಜ್ಜನ ಕಾಲದಲ್ಲಿ ಯಾರೋ ತಲೆಕೆಟ್ಟು ಕೊಡಲಿ ತಂದು ಬಾಗಿಲು ಒಡೆದರಂತೆ. ಹಿಂದೆ ಗೋಡೆಯಿತ್ತಂತೆ. ಹೊಸ ಬಾಗಿಲು ಮಾಡಿಸಿ ನಿಲ್ಲಿಸುವ ಕೆಲಸವೊಂದು ಊರಿಗೆ ಗಂಟುಬಿದ್ದದ್ದೇ ಲಾಭ. ಬರುವ ಅಮಾವಾಸ್ಯೆಯೊಳಗೆ ಬಾಗಿಲು ತೆರೆಯದಿದ್ದರೆ ಗೆದ್ದದ್ದು ಬಿದ್ದುಹೋಯಿತು, ಮತ್ತೆ ಗಡಿಗೆ, ಮತ್ತೆ ಬೀಜ, ಮತ್ತೆ ಜಗಳ.

ಇದಿಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಯಾವ ಪುಣ್ಯಾತ್ಮ ಕಟ್ಟಿಸಿದನೋ, ದಿನಾ ತಿರುಗಿಸಿ ಕೆಳಗಿನ ಕೇರಿಗೆ ನೀರು ಬಿಡುವ ಕಬ್ಬಿಣದ ಚಕ್ರ ಇರುವುದು ಆ ಕಚೇರಿಯ ಒಳಗೆ. ಮೇಯರ್ ಇಲ್ಲದ ದಿನಗಳಲ್ಲಿ ಮೇಲಿನ ಕೇರಿಗಳಿಗೆ ನೀರು ತನ್ನ ಪಾಡಿಗೆ ತಾನು ಬರುತ್ತದೆ. ಕೆಳಗಿನ ಕೇರಿಯವರು ಹಳ್ಳಕ್ಕೆ ಹೋಗಿ ಗುಂಡಿ ತೋಡಿ ತುಂಬಿಕೊಳ್ಳಬೇಕು. ಅದಕ್ಕೇ ಆ ಕೇರಿಯವರಿಗೆ ಯಾರು ಗೆದ್ದರು ಎನ್ನುವುದಕ್ಕಿಂತ ಗೆದ್ದವರ ಹೊಟ್ಟೆ ಗಟ್ಟಿಯಾಗಿದೆಯೇ ಎನ್ನುವುದು ಮುಖ್ಯ.

ಈ ಸಲ ಗೆದ್ದವಳು ನಮ್ಮಕ್ಕ ದಾಕ್ಷಾಯಿಣಿ. ಅವಳು ಬಸ್ ಕಂಡಕ್ಟರ್. ಹಟ್ಟಿಗಳ ಕಡೆ ಹೋಗುವ ಬಸ್ಸಿನಲ್ಲಿ ಅವಳಿಂದ ಬೈಸಿಕೊಳ್ಳದವರು ಸೀಮೆಯಲ್ಲೇ ಇಲ್ಲ. ಅವಳು ಮದುವೆಯಾಗಲಿಲ್ಲ, ಯಾಕೆಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನನ್ನ ಮನೆಯಲ್ಲೇ ಇರುತ್ತಾಳೆ, ನನ್ನ ಹೆಂಡತಿ ಮಂಗಳ ಮಾಡಿದ್ದನ್ನು ಉಣ್ಣುತ್ತಾಳೆ, ಉಪ್ಪು ಕಡಿಮೆಯೆಂದು ಹೇಳುತ್ತಾಳೆ. ಅವಳ ಎದುರು ನಿಂತಿದ್ದವರು ಗುರುಪಾದಪ್ಪನವರು. ಊರಿನ ಏಕೈಕ ಕಲ್ಯಾಣ ಮಂಟಪ ಅವರದು. ಎರಡು ಸಲ ಮೇಯರ್ ಆಗಿದ್ದವರು. ಬಿಳಿ ಪಂಚೆ, ಬಿಳಿ ಜುಬ್ಬ, ಮಾತಿನಲ್ಲಿ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಸೋತರು ಎಂದು ಗೊತ್ತಾದಾಗಲೂ ಎದ್ದು ಬಂದು ಅಕ್ಕನಿಗೆ ಕೈಮುಗಿದು, "ಒಳ್ಳೇದಾಗಲಿ ತಾಯಿ, ಮೊದಲ ಊಟ ನಮ್ಮನೇಲೇ," ಎಂದರು. ಸೋತವರ ಮನೆಯಲ್ಲಿ ಮೊದಲು ಉಣ್ಣುವುದು ನಮ್ಮಲ್ಲಿ ಪದ್ಧತಿ.

ಗೆದ್ದವರ ಜೊತೆಗೆ ಸಾಕ್ಷಿಗೆಂದು ಮನೆಯವರೊಬ್ಬರು ಹೋಗಬೇಕು. ಆ ಸಾಕ್ಷಿ ಉಣ್ಣಬಾರದು, ಕೈ ಹಾಕಬಾರದು, ಹೊಸ್ತಿಲ ಹತ್ತಿರ ಕೂತು ನೋಡಬೇಕು ಅಷ್ಟೆ. ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವ ಸಣ್ಣ ಅಂಗಡಿ ನನ್ನದು. ಬಾಗಿಲು ಹಾಕಿದರೆ ಗಿರಾಕಿಗಳು ಪಕ್ಕದ ಊರಿಗೆ ಹೋಗುತ್ತಾರೆ. ಹಾಗೆಂದು ಹೇಳಿ ನೋಡಿದೆ.

"ಮಲ್ಲ, ನೀನು ಬರ್ತೀಯೋ ಇಲ್ಲ ಮಂಗಳನ್ನ ಕರ್ಕೊಂಡು ಹೋಗ್ಲೋ?" ಎಂದಳು ಅಕ್ಕ.

ಮಂಗಳ ಒಳಗಿನಿಂದ, "ಅವರೇ ಬರ್ತಾರೆ," ಎಂದಳು. ತೀರ್ಮಾನವಾಯಿತು.

ಗುರುಪಾದಪ್ಪನವರ ಮನೆಯ ಊಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅಂಗಳದಲ್ಲಿ ಚಪ್ಪರ, ಬಾಳೆಲೆಯ ಮೇಲೆ ಎರಡು ಬಗೆಯ ಪಾಯಸ, ಹೋಳಿಗೆ, ಕಾಯಿ ಕಡುಬು, ಕೋಸಂಬರಿಗಳು, ಬದನೆಕಾಯಿ ಎಣ್ಣೆಗಾಯಿ. ಊರಿನ ದೊಡ್ಡವರೆಲ್ಲ ಪಂಕ್ತಿಯಲ್ಲಿ. ಸೋತವನು ಇಷ್ಟು ದೊಡ್ಡ ಮನಸ್ಸು ತೋರಿಸಿದ್ದನ್ನು ನಮ್ಮೂರು ಕಂಡಿರಲಿಲ್ಲ. ಅವರ ಹೆಂಡತಿ ನೀಲಮ್ಮನವರು ಮಾತ್ರ ಬಡಿಸಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದರು. ಯಾರೋ ವಿಚಾರಿಸಿದ್ದಕ್ಕೆ ಗುರುಪಾದಪ್ಪನವರು, "ಅವಳಿಗೆ ಮಂಡಿ ನೋವು," ಎಂದರು. ಅಕ್ಕ ಎಲ್ಲದರಲ್ಲೂ ಒಂದೊಂದು ಚೂರು ತಿಂದಳು. ಅವಳಿಗೆ ಸಕ್ಕರೆ ಕಾಯಿಲೆ. ನಾನು ಹೊಸ್ತಿಲಲ್ಲಿ ಕೂತು ಎಣ್ಣೆಗಾಯಿಯ ಪರಿಮಳವನ್ನು ಉಂಡೆ.

ಆಮೇಲೆ ಶುರುವಾಯಿತು ನೋಡಿ ಮನೆ ಮನೆ ತಿರುಗಾಟ. ಒಂದು ತುತ್ತು ಸಾಕೆಂದು ಪದ್ಧತಿಯೇ ಹೇಳುತ್ತದೆ. ಜನ ಕೇಳಬೇಕಲ್ಲ. "ಅವರ ಮನೇಲಿ ಚಕ್ಕುಲಿ ತಿಂದ್ರಂತೆ, ನಮ್ಮನೆ ಉಪ್ಪಿಟ್ಟು ನಿಮಗೆ ಲೆಕ್ಕಕ್ಕಿಲ್ವಾ?" ಎನ್ನುತ್ತಾರೆ. ಅಕ್ಕನ ಬಾಯಲ್ಲಿ ತುತ್ತು ಇರುವಾಗಲೇ ಚರಂಡಿಯ ವಿಷಯ ತೆಗೆಯುತ್ತಾರೆ, ಏಕೆಂದರೆ ಆಗ ಅವಳು ತಿರುಗಿ ಬೈಯಲಾರಳು. ಒಬ್ಬರ ಮನೆಯಲ್ಲಿ ಅಜ್ಜಿ ಮಡಿಯಲ್ಲಿದ್ದಾರೆ, ನಾಳೆ ಬನ್ನಿ. ಇನ್ನೊಬ್ಬರ ಮನೆಯಲ್ಲಿ ಗಂಡಹೆಂಡಿರ ಜಗಳ, ಒಲೆಯೇ ಹಚ್ಚಿಲ್ಲ, ಅವರಿಬ್ಬರನ್ನೂ ರಾಜಿ ಮಾಡಿಸಿ, ಅನ್ನ ಬೇಯುವ ತನಕ ಕಾದು, ಉಂಡು ಬರಬೇಕು. ಬಸ್ಸಿನಲ್ಲಿ ಅಕ್ಕ ನಡುದಾರಿಯಲ್ಲಿ ಇಳಿಸಿದ್ದ ಒಬ್ಬ ಮನುಷ್ಯ ಹಾಗಲಕಾಯಿಯನ್ನು ಬೇಯಿಸಿ ಬೆಲ್ಲ ಹುಳಿ ಏನೂ ಹಾಕದೆ ಕೊಟ್ಟು ಎದುರಿಗೆ ಕೂತ. ಅಕ್ಕ ಪೂರ್ತಿ ತಿಂದು, "ಇನ್ನೊಂಚೂರು ಇದೆಯಾ?" ಎಂದು ಕೇಳಿದಳು. ಅವನ ಮುಖ ಸಪ್ಪಗಾಯಿತು.

ಕೆಳಗಿನ ಕೇರಿಯಲ್ಲಿ ಮಾತ್ರ ಯಾರೂ ಸತಾಯಿಸಲಿಲ್ಲ. ಹಳ್ಳದ ನೀರು ಕುದಿಸಿ ಮಾಡಿದ ಅಂಬಲಿ, ಮುದ್ದೆ, ಚಟ್ನಿ ಮುಂದಿಟ್ಟುಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. ಆ ಕೇರಿಯ ಹಿರಿಯಳು ಹೊನ್ನಮ್ಮ. ಮೂರು ಕೇರಿಗೆ ಕೇಳುವ ಗಂಟಲು. "ಬೇಗ ಬೇಗ ನುಂಗಿ ಕಂಡಕ್ಟರಮ್ಮ, ಅಗಿಯೋಕ್ಕೆ ಟೈಮಿಲ್ಲ. ಮಕ್ಕಳಿಗೆ ಆಗ್ಲೇ ವಾಂತಿ ಭೇದಿ ಹಿಡಿದೈತೆ," ಎಂದು ಅಕ್ಕನನ್ನು ಮನೆಯಿಂದ ಮನೆಗೆ ತಳ್ಳಿಕೊಂಡೇ ಹೋದಳು. ಅವಳ ಪಕ್ಕದ ಮನೆಯಲ್ಲಿ ಗುರುಪಾದಪ್ಪನವರ ಮಗಳು ಚೈತ್ರ ಇದ್ದಳು. ಹೊನ್ನಮ್ಮನ ತಮ್ಮನ ಮಗನನ್ನು ಮೆಚ್ಚಿ ಮದುವೆಯಾಗಿ ತವರಿನಿಂದ ಹೊರಬಿದ್ದವಳು. ಅವಳೂ ಮುದ್ದೆ ಕೊಟ್ಟಳು, ಅಕ್ಕ ಉಂಡಳು.

ಅಂತೂ ಇಂತೂ ಹಟ್ಟಿಗಳೂ ಮುಗಿದವು. ಅಕ್ಕನಿಗೆ ಅನ್ನ ಕಂಡರೆ ವಾಕರಿಕೆ, ನನಗೆ ಅನ್ನ ಕಂಡರೆ ಕಣ್ಣೀರು. ಮಾರನೆಯ ದಿನ ಬೆಳಿಗ್ಗೆ ವಾಲಗದವರನ್ನು ಕರೆಸಿ, ಹಾರ ಹಾಕಿ, ಊರೆಲ್ಲ ಕಚೇರಿಯ ಮುಂದೆ ಸೇರಿತು. ಕೆಳಗಿನ ಕೇರಿಯವರು ಕೊಡಗಳನ್ನು ನಲ್ಲಿಯ ಕೆಳಗೆ ಇಟ್ಟೇ ಬಂದಿದ್ದರು. ಅಕ್ಕ ಮೆಟ್ಟಿಲು ಹತ್ತಿ ಬಾಗಿಲ ಮೇಲೆ ಕೈಯಿಟ್ಟಳು.

ತೆರೆಯಲಿಲ್ಲ.

ಎರಡೂ ಕೈಯಿಟ್ಟಳು. ಹೆಗಲು ಕೊಟ್ಟಳು. ವಾಲಗದವರು ಇನ್ನೂ ಊದುತ್ತಲೇ ಇದ್ದರು. ಯಾರೋ ಗದರಿದ ಮೇಲೆ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಹೊನ್ನಮ್ಮನ ದನಿ ಕೇಳಿಸಿತು. "ಏನ್ ಕಂಡಕ್ಟರಮ್ಮ, ಟಿಕೆಟ್ ಹರಿದು ಕೊಟ್ರಿ, ಬಸ್ಸೇ ಹೊರಡ್ಲಿಲ್ವಲ್ಲ!"

ಯಾರೂ ನಗಲಿಲ್ಲ. ಅಕ್ಕ ಹಾರ ತೆಗೆದು ನನ್ನ ಕೈಗೆ ಕೊಟ್ಟು ಕೆಳಗಿಳಿದಳು.

ಒಂದು ಮನೆ ಬಿಟ್ಟುಹೋಗಿದೆ. ಯಾವುದು? ಊರಿಗೆ ಊರೇ ಪತ್ತೇದಾರರಾಯಿತು. ಬಸ್ ನಿಲ್ದಾಣದ ಹಿಂದೆ ಗುಡಿಸಲು ಹಾಕಿಕೊಂಡ ಕೊಡೆ ರಿಪೇರಿಯವನು ಇದ್ದಾನಲ್ಲ ಎಂದರು. ಹೋಗಿ ಉಂಡಳು. ಬಾಗಿಲು ತೆರೆಯಲಿಲ್ಲ. ಕಲ್ಲುಕ್ವಾರಿಯಲ್ಲಿ ಹೊಸದಾಗಿ ಬಂದ ಕೂಲಿಯವರು ಎಂದರು. ಬಿಸಿಲಿನಲ್ಲಿ ನಡೆದುಹೋಗಿ ರೊಟ್ಟಿ ತಿಂದು ಬಂದಳು. ತೆರೆಯಲಿಲ್ಲ. ಸೇತುವೆಯ ಕೆಳಗಿನ ಸಾಧು ತಾನು ಬೇಯಿಸುವುದೇ ಇಲ್ಲ, ಹಣ್ಣು ತಿಂದು ಬದುಕುತ್ತೇನೆ ಎಂದು ಹಟ ಹಿಡಿದ. ಅವನ ಗೆಡ್ಡೆ ಗೆಣಸನ್ನು ಸುಟ್ಟು ಕೊಡುವಂತೆ ಒಪ್ಪಿಸಲು ಅರ್ಧ ದಿನ ಹಿಡಿಯಿತು. ತೆರೆಯಲಿಲ್ಲ. ನನ್ನ ಮನೆಯ ಮೇಲೂ ಅನುಮಾನ ಬಂತು. ಮಂಗಳ ಕಣ್ಣು ಕೆಂಪಗೆ ಮಾಡಿಕೊಂಡು ಊರವರ ಮುಂದೆಯೇ ಅಕ್ಕನಿಗೆ ಇನ್ನೊಂದು ಸಲ ಅನ್ನ ಕಲಸಿ ಕೊಟ್ಟಳು.

ಅಷ್ಟರಲ್ಲಿ ಕೆಳಗಿನ ಕೇರಿಯ ಮಕ್ಕಳಲ್ಲಿ ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹೊನ್ನಮ್ಮನ ಮೊಮ್ಮಗಳಿಗೆ ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದ್ದರು. ಹಳ್ಳದ ಗುಂಡಿಯೂ ಬತ್ತುತ್ತಿತ್ತು. ಮೇಲಿನ ಕೇರಿಯಿಂದ ಕೆಲವರು ಕೊಡ ಹೊತ್ತು ಕೊಟ್ಟರು. ಕೆಲವರು ಬಾಗಿಲು ಹಾಕಿಕೊಂಡರು. ಅಕ್ಕ ತಾನೇ ಕೊಡ ಹೊತ್ತಳು. ಆದರೆ ಒಬ್ಬರ ಸೊಂಟದ ಮೇಲೆ ಎಷ್ಟು ನೀರು ಹೋದೀತು?

ಅಮಾವಾಸ್ಯೆ ಹತ್ತಿರವಾಯಿತು. ಗುರುಪಾದಪ್ಪನವರ ಕಡೆಯವರು ಹುಣಸೆ ಬೀಜ ಸೋಸಲು ಶುರುಮಾಡಿದ್ದರು. ಗುರುಪಾದಪ್ಪನವರು ಮಾತ್ರ ಕಚೇರಿಯ ಕಡೆ ಸುಳಿಯಲಿಲ್ಲ. ದಾರಿಯಲ್ಲಿ ನಾನು ಎದುರಾದರೆ ಪಂಚೆ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದರು. ಗೆಲ್ಲುವ ಅವಕಾಶ ಬಂದವನ ಮುಖ ಹಾಗಿರುವುದಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹಸಿವೆಯಲ್ಲಿ ಏನು ಹೊಳೆಯುತ್ತದೆ?

ಒಂದು ಬೆಳಿಗ್ಗೆ, ಏನಾದರಾಗಲಿ ಎಂದು ಅಂಗಡಿ ತೆರೆದು ಕೂತಿದ್ದೆ. ಮದುವೆ ಮನೆಗಳಲ್ಲಿ ಅಡುಗೆ ಮಾಡಿಸುವ ಚನ್ನವೀರ ರುಬ್ಬುವ ಯಂತ್ರದ ಮೋಟಾರನ್ನು ಹೆಗಲ ಮೇಲೆ ಹೊತ್ತು ತಂದು ಬೆಂಚಿನ ಮೇಲೆ ಕುಕ್ಕಿದ.

"ಎಷ್ಟು ದಿವಸದಿಂದ ಕಾಯ್ತಿದೀನಿ ಮಾರಾಯ, ನಿನ್ನ ಅಂಗಡಿ ತೆಗೆಯೋದನ್ನ. ಇದು ಸುಟ್ಟಿದ್ದು ನಿಮ್ಮಕ್ಕನ ದೆಸೆಯಿಂದ್ಲೇ!"

"ನಮ್ಮಕ್ಕ ಏನು ಮಾಡಿದ್ಲು?"

"ಅವಳ ಊಟಕ್ಕೇ ತಾನೇ ಹೋಳಿಗೆ ಹೂರಣ ರುಬ್ಬಿದ್ದು? ಹೊಗೆ ಬಂದು ನಿಂತೇಹೋಯ್ತು. ಉಳಿದಿದ್ದನ್ನ ಕೈಯಲ್ಲೇ ರುಬ್ಬಿದ್ವಿ, ಭುಜ ಬಿದ್ದೋಯ್ತು."

"ಯಾವ ಊಟ?"

"ಗುರುಪಾದಪ್ಪನೋರ ಮನೇದು. ಮಂಟಪದಲ್ಲೇ ಮಾಡಿ ಹಿಂದಿನ ಬಾಗಿಲಿಂದ ಸಾಗಿಸಿದ್ವಲ್ಲ."

ನಾನು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟೆ. "ಚನ್ನವೀರಣ್ಣ, ಆ ಮನೆಯ ಒಲೆ ಮೇಲೆ ಏನೂ ಬೇಯಿಸಲಿಲ್ವಾ?"

"ಅವರ ಮನೇಲಿ ಬೇಯಿಸೋದೆಲ್ಲಿ ಬಂತು? ದಿನಾ ಎರಡು ಹೊತ್ತು ಮಂಟಪದಿಂದ ನಾನೇ ಕ್ಯಾರಿಯರ್ ಕಳಿಸ್ತೀನಿ," ಎಂದವನು, ನನ್ನ ಮುಖ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. "ಹೇಳಬೇಡ ಅಂದಿದ್ರು ಕಣಯ್ಯ."

ಇಡೀ ಸೀಮೆಯನ್ನು ಜಾಲಾಡಿದ್ದೆವು. ಸಾಧುವಿಗೆ ಗೆಣಸು ಸುಡಿಸಿದ್ದೆವು. ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಭರ್ಜರಿಯಾಗಿ ಉಂಡ ಮನೆಯೇ ಬಾಕಿ! ನನಗೆ ನಗಬೇಕೋ ಆ ಮೋಟಾರನ್ನು ಎತ್ತಿ ಬೀದಿಗೆ ಎಸೆಯಬೇಕೋ ತಿಳಿಯಲಿಲ್ಲ. ಅಂಗಡಿಯನ್ನು ಹಾಗೇ ಬಿಟ್ಟು ಅಕ್ಕನನ್ನು ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಅಕ್ಕ ಮಾತಾಡುತ್ತಿಲ್ಲವೆಂದರೆ ಎದುರಿಗೆ ಸಿಕ್ಕವರು ದಾರಿ ಬಿಡುವುದು ಒಳ್ಳೆಯದು.

ಗುರುಪಾದಪ್ಪನವರು ಜಗಲಿಯ ಮೇಲೆ ಕೂತಿದ್ದರು. ಅಕ್ಕ ನಿಂತೇ ಕೇಳಿದಳು.

"ಯಾಕೆ ಸಾರ್ ಹೀಗೆ ಮಾಡಿದ್ರಿ? ನಾನು ಸೋಲಲಿ ಅಂತಾನಾ?"

"ದೇವರಾಣೆ ಇಲ್ಲ," ಎಂದರು ಅವರು. ದನಿ ಬಹಳ ಸಣ್ಣಗಿತ್ತು. "ತೆರೆಯುತ್ತೆ ಅಂದ್ಕೊಂಡಿದ್ದೆ. ಉಂಡಿದ್ದು ಈ ಮನೇಲಿ ತಾನೇ?"

"ತೆರೀಲಿಲ್ಲ ಅಂತ ಗೊತ್ತಾದ ಮೇಲಾದ್ರೂ ಹೇಳಬಹುದಿತ್ತಲ್ಲ? ಅಲ್ಲಿ ಮಕ್ಕಳು ಆಸ್ಪತ್ರೇಲಿ ಮಲಗಿವೆ."

ಉತ್ತರ ಕೊಟ್ಟವರು ನೀಲಮ್ಮನವರು. ನಡುಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಮಂಡಿ ನೋವಿನ ಸುಳಿವೂ ಇರಲಿಲ್ಲ. "ಹೆಂಗೆ ಹೇಳ್ತಾರಮ್ಮ? ಗುರುಪಾದಪ್ಪನ ಹೆಂಡ್ತಿ ಒಲೆ ಹಚ್ಚಲ್ಲ ಅಂತ ಊರಿಗೆ ಗೊತ್ತಾಗ್ಬಿಡಲ್ವಾ? ಹೋದ ಸಲದ ಮೇಯರ್ ಉಂಡು ಹೋದ ಮೇಲೆ ನಮ್ಮ ಚೈತ್ರನ್ನ ಈ ಬಾಗಿಲಿಂದ ಆಚೆ ಹಾಕಿದ್ರಲ್ಲ, ಆ ದಿವಸ ಹೇಳಿದೀನಿ. ಅವಳು ಇದೇ ಬಾಗಿಲಿಂದ ಒಳಗೆ ಬರೋವರೆಗೂ ಈ ಮನೇಲಿ ನಾನು ಒಲೆ ಹಚ್ಚೋದಿಲ್ಲ ಅಂತ. ಹಚ್ಚಿಲ್ಲ."

"ಹಂಗಾದ್ರೆ ಈಗ ಚೈತ್ರನ್ನ ಕರ್ಕೊಂಡು ಬಂದ್ರೆ?" ಎಂದಳು ಅಕ್ಕ.

ಗುರುಪಾದಪ್ಪನವರು ಕೆಮ್ಮಿದರು. ಅಂಗಳದಲ್ಲಿ ಇನ್ನೂ ಕೀಳದೆ ಬಿಟ್ಟಿದ್ದ ಚಪ್ಪರದ ಗೂಟಗಳನ್ನು ನೋಡಿದರು. "ಬಂದರೆ ಬರಲಿ. ನಾನೇನು ಬಾಗಿಲಿಗೆ ಅಡ್ಡ ನಿಲ್ಲಲ್ಲ," ಎಂದರು.

ಇಷ್ಟೇ ತಾನೇ ಎಂದು ನಾವು ಕೆಳಗಿನ ಕೇರಿಗೆ ಓಡಿದೆವು. ಚೈತ್ರ ಹಳ್ಳದಿಂದ ತಂದ ನೀರನ್ನು ಸೀರೆಯ ತುಂಡಿನಲ್ಲಿ ಸೋಸುತ್ತಿದ್ದಳು. ಎಲ್ಲವನ್ನೂ ಕೇಳಿ, ಕೊಡದ ಬಾಯಿಗೆ ಮುಚ್ಚಳ ಮುಚ್ಚಿ, "ನಾನು ಬರಲ್ಲ ಅಕ್ಕ," ಎಂದಳು.

"ಯಾಕೆ ತಾಯಿ?"

"ಬಂದ್ರೆ ಬರಲಿ ಅಂದ್ರಾ? ಅದು ಕರೆಯೋ ಮಾತಾ? ಅವತ್ತು ನನ್ನ ಗಂಡನ ಮುಂದೇನೇ ನನ್ನ ಪೆಟ್ಟಿಗೆ ಬೀದಿಗೆ ಎಸೆದಿದ್ರು. ಇವತ್ತು ಊರಿಗೆ ನೀರು ಬೇಕು ಅಂತ ನಾನು ಹಿಂದಕ್ಕೆ ಹೋಗಿ ಬಾಗಿಲಲ್ಲಿ ನಿಲ್ಲಬೇಕಾ? ಅಪ್ಪ ಬಂದು ಕರೀಲಿ. ಇಲ್ಲೇ, ಈ ಬಾಗಿಲಿಗೆ ಬಂದು."

ಹೊನ್ನಮ್ಮ ಅಲ್ಲೇ ಇದ್ದಳು. ಸೊಸೆಗೆ ಬುದ್ಧಿ ಹೇಳುತ್ತಾಳೆಂದು ನಾನು ಆಸೆಯಿಂದ ನೋಡಿದೆ. "ಅವಳು ಹೇಳೋದು ಸರಿಯಾಗೈತೆ," ಎಂದಳು ಹೊನ್ನಮ್ಮ. "ನೀರಿಲ್ದೆ ಇದ್ದು ಅಭ್ಯಾಸ ಐತೆ ನಮಗೆ. ಮರ್ಯಾದೆ ಇಲ್ದೆ ಇರಕ್ಕಾಗಲ್ಲ."

ನಾವು ಮತ್ತೆ ಮೇಲಿನ ಕೇರಿಗೆ ಹತ್ತಿದೆವು. ಬಿಸಿಲು ನೆತ್ತಿಯ ಮೇಲಿತ್ತು. ಅಕ್ಕ ನಡುದಾರಿಯಲ್ಲಿ ನಿಂತು, ಎರಡೂ ಕೈಯಿಂದ ತಲೆ ಹಿಡಿದುಕೊಂಡು, "ಒಬ್ಬರಾದ್ರೂ, ಈ ಸೀಮೇಲಿ ಒಬ್ಬರಾದ್ರೂ, ಸುಮ್ನೆ ಒಂದು ಹೆಜ್ಜೆ ಮುಂದಕ್ಕೆ ಇಡೋರು ಇಲ್ವೇನೋ ಮಲ್ಲ? ಎಲ್ಲಾರೂ ಫುಟ್‌ಬೋರ್ಡ್ ಮೇಲೇ ನಿಂತ್ಕೊಂಡ್ರೆ ಬಸ್ಸು ಹೆಂಗೋ ಹೊರಡುತ್ತೆ?" ಎಂದು ಕೂಗಿದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಅದನ್ನು ಕಂಡದ್ದು ಅದೇ ಮೊದಲು.

ಚೈತ್ರಳ ಮಾತನ್ನು ಹಾಗೇ ಒಪ್ಪಿಸಿದೆವು. ಗುರುಪಾದಪ್ಪನವರ ಮುಖ ಬಿಗಿಯಿತು. "ನಾನು ಆ ಕೇರಿಗೆ ಹೋಗಿ ನಿಲ್ಲೋದಿಲ್ಲ," ಎಂದರು. "ಅಮಾವಾಸ್ಯೆ ಆಗಲಿ. ಮತ್ತೆ ಬೀಜ ಹಾಕಲಿ. ನಾನಂತೂ ನಿಲ್ಲಲ್ಲ, ಇನ್ಯಾರಾದರೂ ನಿಲ್ಲಲಿ."

"ಇನ್ಯಾರು ನಿಂತ್ರೂ ನಿಮ್ಮನೇಲಿ ಉಣ್ಣಬೇಕಲ್ಲ ಸಾರ್?" ಎಂದಳು ಅಕ್ಕ.

ನೀಲಮ್ಮನವರು ಗಂಡನನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲೊಂದು ಬಟ್ಟೆಯ ಚೀಲವಿತ್ತು.

"ಅವಳು ಬರಲ್ಲ, ಇವರು ಹೋಗಲ್ಲ. ಮಧ್ಯದಲ್ಲಿ ಕಂಡೋರ ಮಕ್ಕಳು ಸಾಯಬೇಕಾ? ನಾನೇ ಹೋಗ್ತೀನಿ. ಎಷ್ಟೋ ವರ್ಷ ಮೊದಲೇ ಹೋಗಬೇಕಾಗಿತ್ತು," ಎಂದು ಮೆಟ್ಟಿಲಿಳಿದರು.

"ನೀನು ಹೋದ್ರೆ ಒಲೆ ಯಾರು ಹಚ್ಚೋದು?" ಗುರುಪಾದಪ್ಪನವರು ಎದ್ದು ನಿಂತಿದ್ದರು.

ನೀಲಮ್ಮನವರು ತಿರುಗಿದರು. "ಆಣೆ ಇಟ್ಟಿದ್ದು ನಾನು. ನಾನು ಹಚ್ಚಲ್ಲ ಅಂದೆ. ನೀವು ಹಚ್ಚಬೇಡಿ ಅಂತ ಯಾವತ್ತಾದ್ರೂ ಹೇಳಿದ್ನಾ?"

ಅವರು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಮೂವರೂ ನೋಡುತ್ತ ನಿಂತೆವು. ಅಕ್ಕ ಜಗಲಿಯ ಮೇಲೆ, ಗುರುಪಾದಪ್ಪನವರ ಎದುರಿಗೆ, ಕಾಲು ಮಡಿಸಿ ಕೂತಳು.

"ನೀವಿನ್ನು ಹೊರಡಿ ತಾಯಿ," ಎಂದರು ಅವರು.

"ಇಲ್ಲೇ ಇರ್ತೀನಿ ಸಾರ್. ಡ್ರೈವರ್ ಕಾಫಿ ಮುಗಿಸಿ ಬರೋವರೆಗೂ ಕಾಯೋದು ನಂಗೆ ಅಭ್ಯಾಸ."

ಅವರು ಪೇಪರ್ ಬಿಡಿಸಿ ಹಿಡಿದರು. ಅಕ್ಕ ಕೂತೇ ಇದ್ದಳು. ಮಂಟಪದಿಂದ ಕ್ಯಾರಿಯರ್ ಬಂತು. ತಂದವನು ನಮ್ಮಿಬ್ಬರನ್ನು ಕಂಡು ಬೀದಿಯಲ್ಲೇ ತಡೆದು ನಿಂತ. ಗುರುಪಾದಪ್ಪನವರು ಕ್ಯಾರಿಯರನ್ನು ನೋಡಿದರು, ಅಕ್ಕನನ್ನು ನೋಡಿದರು. ಎದುರಿನ ಮನೆಯ ಕಿಟಕಿಯಲ್ಲಿ ಮುಖಗಳು ಕಾಣಿಸಿಕೊಂಡಿದ್ದವು. ಕೊನೆಗೆ ಅವರು ಕೈ ಬೀಸಿ, "ವಾಪಸ್ ತಗೊಂಡು ಹೋಗಪ್ಪ," ಎಂದರು. ಜುಬ್ಬದ ತೋಳು ಮಡಿಸುತ್ತ ಒಳಗೆ ಹೋದರು.

ಅಡುಗೆಮನೆಯಲ್ಲಿ ಒಲೆಯ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಅದನ್ನು ಕೈಯಿಂದ ತೆಗೆಯಬೇಕೋ ಬಟ್ಟೆಯಿಂದಲೋ ಎಂದು ಅವರು ಯೋಚಿಸುತ್ತ ನಿಂತರು. ಬೆಂಕಿಪೆಟ್ಟಿಗೆ ದೇವರ ಮನೆಯಲ್ಲಿ ಸಿಕ್ಕಿತು. ಸೌದೆ ಇರಲಿಲ್ಲ, ಹೊರಗೆ ಹೋಗಿ ಚಪ್ಪರದ ಗೂಟ ಕಿತ್ತು ತಂದರು. ಕಡ್ಡಿ ಗೀರುವುದು, ಗೂಟದ ದಪ್ಪ ತುದಿಗೆ ಹಿಡಿಯುವುದು, ಅದು ಆರುವುದು. ಮತ್ತೆ ಗೀರುವುದು, ಮತ್ತೆ ಆರುವುದು. ನಾನು ಹೊಸ್ತಿಲಲ್ಲಿ ಕೂತು ಹಲ್ಲು ಕಚ್ಚುತ್ತಿದ್ದೆ. ಒಣ ಗರಿ ತಂದು ಕೆಳಗಿಡಿ ಎನ್ನಲು ಬಾಯಿ ತೆರೆದೆ. ಅಕ್ಕ ನನ್ನ ಮೊಣಕಾಲು ಚಿವುಟಿದಳು. ಕೊನೆಗೆ ಅವರಿಗೇ ಹೊಳೆದು ಪೇಪರನ್ನು ಸುತ್ತಿ ತುರುಕಿದರು. ಹೊಗೆ ಎದ್ದಿತು. ಅವರು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಊದಿದರು. ಮುಖಕ್ಕೆ ಮಸಿ, ಜುಬ್ಬಕ್ಕೆ ಮಸಿ. ಆದರೆ ಒಲೆ ಹತ್ತಿಕೊಂಡಿತು. ಆ ಬೆಳಕಿನಲ್ಲಿ ಅವರು ಸಣ್ಣ ಹುಡುಗನ ಹಾಗೆ ಹಿಂತಿರುಗಿ ನಮ್ಮನ್ನು ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಡಬ್ಬಿಗಳನ್ನೆಲ್ಲ ತೆರೆದು ನೋಡಿ, ಒಂದರ ತಳದಲ್ಲಿದ್ದ ಅಕ್ಕಿಯನ್ನು ಪಾತ್ರೆಗೆ ಸುರಿದರು. ನೀರು ಹೊಯ್ದರು. ಸಾಲದೆಂದು ಮತ್ತೆ ಹೊಯ್ದರು. ಉಕ್ಕಿದಾಗ ಬರಿಗೈಯಲ್ಲಿ ಪಾತ್ರೆ ಹಿಡಿಯಲು ಹೋಗಿ ಕೈ ಸುಟ್ಟುಕೊಂಡರು. ಅನ್ನವೂ ಅಲ್ಲದ, ಗಂಜಿಯೂ ಅಲ್ಲದ, ಮೇಲೆ ನೀರು ಕೆಳಗೆ ಸೀಕಲಾದ ಒಂದು ಪದಾರ್ಥ ತಯಾರಾಯಿತು. ಅದನ್ನು ಬೆಳ್ಳಿಯ ತಟ್ಟೆಗೆ ಹಾಕಿ, ಅಕ್ಕನ ಮುಂದೆ ಇಟ್ಟು, ತಾವೂ ಎದುರಿಗೆ ನೆಲದ ಮೇಲೆ ಕೂತರು.

ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಅವಳ ಮುಖದಲ್ಲಿ ಏನೇನೋ ಬಂದು ಹೋಯಿತು.

"ಹೆಂಗಿದೆ ತಾಯಿ?" ಎಂದರು ಗುರುಪಾದಪ್ಪನವರು.

"ಸುಳ್ಳು ಹೇಳಲಾ ಸಾರ್, ನಿಜ ಹೇಳಲಾ?"

"ನಿಜಾನೇ ಹೇಳಿ. ನನಗೆ ನಿಜ ಹೇಳೋಳು ಇದ್ದದ್ದು ಒಬ್ಬಳೇ. ಅವಳೂ ಎದ್ದು ಹೋದಳು."

"ನಾಯಿನೂ ಮೂಸಲ್ಲ," ಎಂದಳು ಅಕ್ಕ. ಎಂದವಳು ತಟ್ಟೆಯಲ್ಲಿದ್ದುದನ್ನು ಅಷ್ಟೂ ಉಂಡಳು. ಒಂದು ತುತ್ತು ಸಾಕಾಗಿತ್ತು. ಆದರೂ ಉಂಡಳು.

ಸಂಜೆಯ ಹೊತ್ತಿಗೆ ಅಕ್ಕ ಕಚೇರಿಯ ಮೆಟ್ಟಿಲು ಹತ್ತಿದಳು. ವಾಲಗ ಇರಲಿಲ್ಲ, ಹಾರ ಇರಲಿಲ್ಲ. ಸುದ್ದಿ ಹರಡಿ ಜನ ಮಾತ್ರ ತಾವಾಗಿ ಬಂದು ಸೇರಿದ್ದರು. ಅವಳು ಬಾಗಿಲನ್ನು ಮುಟ್ಟುತ್ತಿದ್ದಂತೆ, ಗಾಳಿಗೆ ಸರಿದ ಪರದೆಯ ಹಾಗೆ, ಅದು ಸದ್ದಿಲ್ಲದೆ ಒಳಕ್ಕೆ ಸರಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರಿಗೂ ಅಷ್ಟು ಸುಸ್ತಾಗಿತ್ತು. ಅಕ್ಕ ಕುರ್ಚಿಯ ಕಡೆ ತಿರುಗಿಯೂ ನೋಡದೆ ನೇರವಾಗಿ ಚಕ್ರದ ಹತ್ತಿರ ಹೋಗಿ ಎರಡೂ ಕೈ ಹಾಕಿ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹೊನ್ನಮ್ಮನ ದನಿ ಏರಿ ಬಂತು. "ಬಂತು ಕಣ್ರೋ! ಕೆಂಪಗೈತೆ, ಕೆಸರು ಐತೆ, ಬಂತು!" ಅದು ಮೇಯರ್ ದಾಕ್ಷಾಯಿಣಿಗೆ ಬಂದ ಮೊದಲ ಕೃತಜ್ಞತೆ, ಮೊದಲ ದೂರು, ಎರಡೂ.

ಕೆಳಗಿನ ಕೇರಿಯ ಹೆಂಗಸರೊಂದಿಗೆ ನೀಲಮ್ಮನವರೂ ಬಾಗಿಲು ತೆರೆಯುವುದನ್ನು ನೋಡಲು ಬಂದಿದ್ದರು. ಗುಂಪಿನ ಅಂಚಿನಲ್ಲಿ ಗುರುಪಾದಪ್ಪನವರು ನಿಂತಿದ್ದರು. ಮುಖದ ಮಸಿ ತೊಳೆದುಕೊಳ್ಳುವುದನ್ನೂ ಮರೆತಿದ್ದರು. ಜನ ತಾವಾಗಿ ಸರಿದು ಇಬ್ಬರ ನಡುವೆ ಜಾಗ ಬಿಟ್ಟರು.

"ನೀವೇ ಹಚ್ಚಿದ್ರಾ?" ಎಂದರು ನೀಲಮ್ಮ.

"ನಾನೇ."

"ಕೈ ಸುಟ್ಕೊಂಡ್ರಾ?"

"ಸ್ವಲ್ಪ."

ನೀಲಮ್ಮನವರು ಆ ಜುಬ್ಬವನ್ನು ಮೇಲಿಂದ ಕೆಳಗೆ ನೋಡಿದರು. ನೋಡನೋಡುತ್ತಲೇ ಅವರಿಗೇನೋ ಅನುಮಾನ ಬಂತು. "ಆ ಡಬ್ಬಿ ಅಕ್ಕಿ ಎಷ್ಟು ವರ್ಷದ್ದೋ ಏನೋ. ಚೆನ್ನಾಗಿ ತೊಳೆದ್ರಿ ತಾನೇ?"

"ತೊಳೀಬೇಕಾ?" ಎಂದರು ಗುರುಪಾದಪ್ಪನವರು.

ನೀಲಮ್ಮನವರು ಹಣೆ ಚಚ್ಚಿಕೊಂಡರು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ನೀಲಮ್ಮನವರು ನಗಲಿಲ್ಲ. ಅಂದು ಅವರು ಗಂಡನ ಜೊತೆ ಹೋಗಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊನ್ನಮ್ಮನ ಹಿಂದೆ ಕೊಡ ಹಿಡಿದು, ಕೆಳಗಿನ ಕೇರಿಗೆ ಇಳಿದುಹೋದರು.

ಅಕ್ಕನಿಗೆ ಮೂರು ದಿನ ಹೊಟ್ಟೆ ಕೆಟ್ಟು, ಮೇಯರ್ ಕೆಲಸವೆಲ್ಲ ನಮ್ಮ ಮನೆಯ ಮಂಚದ ಮೇಲೆಯೇ ನಡೆಯಿತು. ಹೊನ್ನಮ್ಮನ ಮೊಮ್ಮಗಳು ಆಸ್ಪತ್ರೆಯಿಂದ ಮನೆಗೆ ಬಂದಳು. ಅವಳು ಬಂದ ದಿನವೇ ಬೆಳಿಗ್ಗೆ, ನಾನು ಸುತ್ತಿ ಮುಗಿಸಿದ ಮೋಟಾರನ್ನು ಚನ್ನವೀರನಿಗೆ ಮುಟ್ಟಿಸಿ ಬರುವಾಗ, ಗುರುಪಾದಪ್ಪನವರು ಒಬ್ಬರೇ ಕೆಳಗಿನ ಕೇರಿಯ ಕಡೆ ನಡೆಯುತ್ತಿರುವುದನ್ನು ಕಂಡೆ. ಕೈಯಲ್ಲಿ ಏನೂ ಇರಲಿಲ್ಲ. ಚೈತ್ರಳ ಮನೆಯ ಮುಂದೆ ಹೋಗಿ ನಿಂತರು. ಅಲ್ಲಿ ಬಾಗಿಲು ಹಾರುಹೊಡೆದೇ ಇತ್ತು. ಒಳಗೆ ತಾಯಿ ಮಗಳು ಮಾತಾಡುವುದು ಬೀದಿಗೆ ಕೇಳಿಸುತ್ತಿತ್ತು. ಆದರೂ ಮಗಳ ಹೆಸರು ಹಿಡಿದು ಒಂದು ಸಲ ಕೂಗಲು ಅವರಿಗೆ ಮಧ್ಯಾಹ್ನವೇ ಆಯಿತು.